ಉತ್ತರನ ಪೌರುಷ ಟೀವಿಯ ಹಿಂದೆ

ಸಂಸಾರದಲ್ಲಿ ಗಂಡಸಿನ ಯೋಗ್ಯತೆಯನ್ನು ಅಳೆಯುವ ಸಂದರ್ಭಗಳು ಕೆಲವಿವೆ. ಫ್ಯೂಸು ಹೋದಾಗ, ನಲ್ಲಿ ಸೋರಿದಾಗ, ಸ್ಕೂಟರು ನಡುದಾರಿಯಲ್ಲಿ ನಿಂತಾಗ ಮನೆಯವರೆಲ್ಲರೂ ಅವನ ಮುಖವನ್ನೇ ನೋಡುತ್ತಾರೆ. ಪಂಪನನ್ನು ಕುರಿತು ಅವನು ಎರಡು ಗಂಟೆ ಮಾತನಾಡಬಲ್ಲನೆಂಬುದು ಆಗ ಯಾರ ನೆನಪಿಗೂ ಬರುವುದಿಲ್ಲ. ನಾನು ಇಪ್ಪತ್ತು ವರ್ಷಗಳಿಂದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿರುವವನು. ಇಂಥ ಪರೀಕ್ಷೆಗಳಲ್ಲಿ ನಾನು ತೇರ್ಗಡೆಯಾದದ್ದು ಬಹಳ ಕಡಿಮೆ. ಆದರೂ ಪ್ರತಿಸಲವೂ ಧೈರ್ಯವಾಗಿ ಪರೀಕ್ಷೆಗೆ ಕೂಡುತ್ತೇನೆ. ಅದು ನನ್ನ ಸ್ವಭಾವ.

ಕಳೆದ ಬೇಸಿಗೆಯಲ್ಲಿ ಅಂಥದೊಂದು ಪರೀಕ್ಷೆ ಒದಗಿತು. ಬೆಂಗಳೂರಿನಲ್ಲಿರುವ ನನ್ನ ಭಾವಮೈದುನ ತನ್ನ ಮನೆಗೆ ಹೊಸದೊಂದು ಹೋಂ ಥಿಯೇಟರ್ ಕೊಂಡು, ಹಳೆಯದನ್ನು ಮೈಸೂರಿನ ನಮ್ಮ ಮನೆಗೆ ಕಾರಿನಲ್ಲಿ ತಂದಿಳಿಸಿ ಹೋದನು. ಸ್ಪೀಕರುಗಳು ಐದು, ಗುಡುಗಿನ ಕೆಲಸಕ್ಕೆಂದೇ ಇರುವ ಸಬ್‌ವೂಫರ್ ಒಂದು, ಇವೆಲ್ಲದರ ಯಜಮಾನನಾದ ಹತ್ತು ಕಿಲೋ ತೂಕದ ಕರಿಯ ಪೆಟ್ಟಿಗೆ ಒಂದು. ಈ ಪೆಟ್ಟಿಗೆಗೆ ರಿಸೀವರ್ ಎಂದು ಹೆಸರು. ಮನೆಯಲ್ಲಿರುವ ಟೀವಿ, ಸೆಟ್‌ಟಾಪ್ ಬಾಕ್ಸ್, ಡಿವಿಡಿ ಪ್ಲೇಯರ್ ಎಲ್ಲವೂ ತಮ್ಮ ತಮ್ಮ ಧ್ವನಿಯನ್ನು ತಂದು ಇದಕ್ಕೆ ಒಪ್ಪಿಸಬೇಕು. ಇದು ಅದನ್ನು ವಿಂಗಡಿಸಿ, ಬಲಪಡಿಸಿ, ಯಾವ ಸ್ಪೀಕರಿಗೆ ಎಷ್ಟು ಸಲ್ಲಬೇಕೋ ಅಷ್ಟನ್ನು ಹಂಚುತ್ತದೆ. ಹಿಂದಿನ ಕಾಲದಲ್ಲಿ ಹಳ್ಳಿಯ ಶ್ಯಾನುಭೋಗರು ಮಾಡುತ್ತಿದ್ದ ಕೆಲಸವೇ ಇದು ಎಂದು ನನಗೆ ತೋರಿತು. ಶ್ಯಾನುಭೋಗರ ಲೆಕ್ಕ ಅರ್ಥವಾಗದಂತೆ ಇದರ ಲೆಕ್ಕವೂ ಅರ್ಥವಾಗುವುದಿಲ್ಲವೆಂಬುದು ಆಮೇಲೆ ತಿಳಿಯಿತು.

ಅದೇ ವಾರದಲ್ಲಿ ಇನ್ನೊಂದು ಪೆಟ್ಟಿಗೆಯೂ ಮನೆಗೆ ಬಂದಿತು. ಪಿ.ಯು.ಸಿ.ಯಲ್ಲಿ ಇಂತಿಷ್ಟು ಅಂಕ ಬಂದರೆ ಕೊಡಿಸುತ್ತೇನೆಂದು ನಮ್ಮ ಹುಡುಗನಿಗೆ ನಾನು ಎರಡು ವರ್ಷಗಳ ಹಿಂದೆ ಮಾತು ಕೊಟ್ಟಿದ್ದೆ. ಅಂಕಗಳು ಬರಲಾರವೆಂಬ ಭರವಸೆಯ ಮೇಲೆ ಕೊಟ್ಟ ಮಾತು ಅದು. ಬಂದುಬಿಟ್ಟವು. ಹೀಗಾಗಿ ಪ್ಲೇಸ್ಟೇಷನ್ 5 ಎಂಬ ಆಟದ ಯಂತ್ರ ನಮ್ಮ ನಡುಮನೆಯನ್ನು ಪ್ರವೇಶಿಸಿತು. 2021ರಲ್ಲಿ ಅದು ಭಾರತಕ್ಕೆ ಬಂದಾಗಿನಿಂದಲೂ ಹುಡುಗ ಅದರ ಚಿತ್ರವನ್ನು ತನ್ನ ಫೋನಿನಲ್ಲಿ ಇಟ್ಟುಕೊಂಡಿದ್ದನು. ನನ್ನ ಕಾಲದಲ್ಲಿ ಹುಡುಗರು ಕಪಿಲ್‌ದೇವ್‌ನ ಚಿತ್ರ ಇಟ್ಟುಕೊಳ್ಳುತ್ತಿದ್ದರು.

ಇಲ್ಲಿ ನಮ್ಮ ಮನೆಯ ಸ್ಥಿತಿಯನ್ನು ಒಂದಿಷ್ಟು ಹೇಳಬೇಕು. ನಾವು ನಾಲ್ವರು. ನಮ್ಮ ತಾಯಿಯವರಿಗೆ ಎಪ್ಪತ್ತನಾಲ್ಕು ವರ್ಷ. ನಾಲ್ಕೈದು ವರ್ಷಗಳಿಂದ ಕಿವಿ ಮಂದ. ಕಿವಿಗೆ ಹಾಕಿಕೊಳ್ಳುವ ಯಂತ್ರ ತಂದುಕೊಟ್ಟೆವು. ಅದರಲ್ಲಿ ಜನರ ಮಾತಿಗಿಂತ ಪಾತ್ರೆಗಳ ಮಾತೇ ಹೆಚ್ಚು ಕೇಳಿಸುತ್ತದೆಯೆಂದು ಅದನ್ನು ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ದೇವರ ಗೂಡಿನ ಪಕ್ಕದಲ್ಲಿಟ್ಟರು. ಟೀವಿಯ ಧ್ವನಿಯನ್ನು ಅವರಿಗೆ ಕೇಳಿಸುವಷ್ಟು ಏರಿಸಿದರೆ ನಮಗೆ ತಲೆನೋವು. ನಮಗೆ ಸರಿಯಾಗುವಷ್ಟು ಇಳಿಸಿದರೆ ಅವರಿಗೆ ಮೂಕಿಚಿತ್ರ. ಕೊನೆಗೆ ಅವರು ಸಂಜೆಯ ಹೊತ್ತು ನಡುಮನೆಗೆ ಬರುವುದನ್ನೇ ಬಿಟ್ಟರು. ಹುಡುಗ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕೋಣೆಯಲ್ಲಿ. ನನ್ನ ಶ್ರೀಮತಿ ಫೋನು ಹಿಡಿದು ಅಡಿಗೆಮನೆಯಲ್ಲಿ. ನಾನು ಉತ್ತರಪತ್ರಿಕೆಗಳ ಕಟ್ಟಿನ ಮುಂದೆ. ಅಮ್ಮ ತಮ್ಮ ಮಂಚದ ಮೇಲೆ. ಒಂದೇ ಸೂರಿನ ಕೆಳಗೆ ನಾಲ್ಕು ಮನೆಗಳು ಹುಟ್ಟಿಕೊಂಡಿದ್ದವು. ಆಗಸ್ಟಿನಲ್ಲಿ ಹುಡುಗ ಇಂಜಿನಿಯರಿಂಗ್ ಓದಲು ಸುರತ್ಕಲ್ಲಿಗೆ ಹೋಗುವವನಿದ್ದನು. ಇನ್ನೆರಡು ತಿಂಗಳಲ್ಲಿ ಅವುಗಳಲ್ಲಿ ಒಂದು ಖಾಲಿಯಾಗುವುದೆಂಬ ಯೋಚನೆ ನನ್ನ ಮನಸ್ಸಿನಲ್ಲಿತ್ತು. ಆದರೆ ಅದನ್ನು ಬಾಯಿ ಬಿಟ್ಟು ಹೇಳುವ ರೂಢಿ ನಮ್ಮ ವಂಶದಲ್ಲಿ ಇಲ್ಲ. ನಾನು ಹೇಳುತ್ತಿದ್ದುದು, “ಆ ಆಟ ಸಾಕು, ಮಲಗೋ” ಎಂದಷ್ಟೆ.

ಇರಲಿ. ಒಂದು ಭಾನುವಾರ ಬೆಳಗ್ಗೆ ಹುಡುಗ ಸ್ನೇಹಿತರ ಮನೆಗೆ ಹೋಗಿದ್ದಾಗ, ಈ ಪೆಟ್ಟಿಗೆಗಳನ್ನು ನಾನೇ ಜೋಡಿಸಿಬಿಡುತ್ತೇನೆಂದು ಸಾರಿದೆ. “ಅವನು ಬರಲಿ, ನಿಮಗೇಕೆ?” ಎಂದಳು ಶ್ರೀಮತಿ. ಆ ಮಾತು ಕೇಳಿದ ಮೇಲೆ ಸುಮ್ಮನಿರುವುದು ಹೇಗೆ? ತಂತಿಯನ್ನು ತೂತಿಗೆ ಚುಚ್ಚುವುದರಲ್ಲಿ ಏನು ಮಹಾ ವಿದ್ಯೆ ಅಡಗಿದೆಯೆಂದು ಕೇಳಿ, ಪಂಚೆಯನ್ನು ಎತ್ತಿ ಕಟ್ಟಿ ಟೀವಿಯ ಹಿಂದಕ್ಕೆ ನುಸುಳಿದೆ.

ರಿಸೀವರಿನ ಮುಂಭಾಗದಲ್ಲಿ ಎರಡು ಗುಂಡಿಗಳು, ಒಂದು ದೀಪ. ನೋಡಿದರೆ ಸಾಧು. ಹಿಂಭಾಗವನ್ನು ನೋಡಿದಾಗ ನನ್ನ ಎದೆ ಝಲ್ಲೆಂದಿತು. ಸಾಲು ಸಾಲಾಗಿ ಎಚ್‌ಡಿಎಂಐ ತೂತುಗಳು. ಕೆಂಪು, ಬಿಳಿ, ಹಳದಿಯ ಗುಂಡು ತೂತುಗಳು. ಸ್ಪೀಕರಿನ ತಂತಿಗಳಿಗಾಗಿ ತಿರುಚುವ ಕೆಂಪು ಕಪ್ಪು ತಿರುಪುಗಳು. ಗೋಗ್ರಹಣದಲ್ಲಿ ಕೌರವಸೇನೆ ಕಣ್ಣಿಗೆ ಬಿದ್ದಾಗ ಉತ್ತರಕುಮಾರನಿಗೆ ಹೇಗಾಯಿತೆಂಬುದನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ವರ್ಣಿಸಿದ್ದೇನೆ. ಅನುಭವ ಆದದ್ದು ಅಂದು. ಆದರೆ ಅವನಿಗೆ ರಥದಿಂದ ಧುಮುಕಿ ಓಡುವ ಅನುಕೂಲವಿತ್ತು. ನನಗೆ ಟೀವಿಗೂ ಗೋಡೆಗೂ ನಡುವೆ ತಿರುಗುವುದಕ್ಕೂ ಸ್ಥಳವಿರಲಿಲ್ಲ.

ಎಚ್‌ಡಿಎಂಐ ಎಂಬ ಈ ತಂತಿ 2002ರಲ್ಲಿ ಬಂದದ್ದು. ಅದಕ್ಕೆ ಮೊದಲು ಚಿತ್ರಕ್ಕೆ ಬೇರೆ ತಂತಿ, ಧ್ವನಿಗೆ ಬೇರೆ ತಂತಿ. ಇದರ ಚಪ್ಪಟೆ ಮೂತಿಯ ಒಳಗೆ ಹತ್ತೊಂಬತ್ತು ಲೋಹದ ಸಂಪರ್ಕಗಳಿದ್ದು, ಚಿತ್ರ, ಧ್ವನಿ, ಉಪಕರಣಗಳ ಪರಸ್ಪರ ಸಂಭಾಷಣೆ ಎಲ್ಲವೂ ಒಂದರಲ್ಲೇ ಸಾಗುತ್ತವೆ. ಎರಡು ತುದಿಗಳೂ ಒಂದೇ ರೂಪ. ಆದ್ದರಿಂದ ಯಾವುದನ್ನು ಎಲ್ಲಿಗೆ ಹಾಕಿದರೂ ಆಗಬೇಕೆಂದು ನಾನು ತರ್ಕಿಸಿದೆ. ಆಟದ ಯಂತ್ರದಿಂದ ರಿಸೀವರಿಗೆ ಒಂದು, ಸೆಟ್‌ಟಾಪ್ ಬಾಕ್ಸಿನಿಂದ ರಿಸೀವರಿಗೆ ಒಂದು, ಟೀವಿಯಿಂದ ರಿಸೀವರಿಗೆ ಒಂದು, ಹೀಗೆ ಮೂರನ್ನೂ ಒಂದೇ ಸಾಲಿಗೆ ಚುಚ್ಚಿದೆ. ಸ್ಪೀಕರುಗಳಿಗೂ ಎರಡೆರಡು ತಂತಿ ಎಳೆದು ತಿರುಪು ಬಿಗಿದೆ. ಮಧ್ಯಾಹ್ನ ಹನ್ನೆರಡಕ್ಕೆ ಸ್ವಿಚ್ಚು ಹಾಕಿದೆ. ಟೀವಿಯ ಮೇಲೆ ‘ಸಿಗ್ನಲ್ ಇಲ್ಲ’ ಎಂಬ ಎರಡು ಪದಗಳು ಮೂಡಿ ಅತ್ತಿಂದಿತ್ತ ಸಾವಕಾಶವಾಗಿ ತೇಲಾಡತೊಡಗಿದವು. ಶ್ರೀಮತಿ ಅಡಿಗೆಮನೆಯಿಂದ ಇಣುಕಿ ನೋಡಿ ಏನೂ ಹೇಳದೆ ಒಳಕ್ಕೆ ಹೋದಳು. ಏನಾದರೂ ಹೇಳಿದ್ದರೆ ಚೆನ್ನಾಗಿತ್ತು.

ಹುಡುಗ ಬಂದು ಹಿಂದೆ ಬಗ್ಗಿ ನೋಡಿ, “ಅಪ್ಪ, ಟೀವಿಯನ್ನು ‘ಇನ್’ಗೆ ಹಾಕಿದ್ದೀರಿ. ಅದು ‘ಔಟ್’ಗೆ ಬರಬೇಕು” ಎಂದನು.

“ಟೀವಿಯಿಂದ ತಾನೆ ಬರುವುದು?”

“ಅಲ್ಲ, ಟೀವಿಗೆ ಹೋಗುವುದು.”

ಇಪ್ಪತ್ತು ವರ್ಷ ವಿಭಕ್ತಿಪ್ರತ್ಯಯಗಳನ್ನು ಬೋಧಿಸಿದವನು ನಾನು. ‘ಗೆ’ ಎಂಬ ಚತುರ್ಥಿಗೂ ‘ದೆಸೆಯಿಂದ’ ಎಂಬ ಪಂಚಮಿಗೂ ಭೇದ ತಿಳಿಯದವನಿಗೆ ಒಂದು ಅಂಕವನ್ನೂ ಕೊಟ್ಟವನಲ್ಲ. ಬಾಯಿ ಮುಚ್ಚಿಕೊಂಡು ಟಾರ್ಚು ಹಿಡಿದು ನಿಂತೆ. ಅಲ್ಲಿಂದ ಮುಂದೆ ಸಾರಥ್ಯ ಬದಲಾಯಿತು. ಹುಡುಗ ತಂತಿ ಹಿಡಿದ, ನಾನು ದೀಪ ಹಿಡಿದೆ.

ಆದರೆ ತಂತಿಯನ್ನು ‘ಔಟ್’ಗೆ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಈಗ ಚಿತ್ರ ಬಂದಿತು, ಧ್ವನಿಯೂ ಬಂದಿತು; ಹುಡುಗನಿಗೆ ತೃಪ್ತಿ ಬರಲಿಲ್ಲ. ಅವನ ಆಟದ ಯಂತ್ರಕ್ಕೆ ಸೆಕೆಂಡಿಗೆ 120 ಚಿತ್ರಗಳನ್ನು ಕಳುಹಿಸುವ ಶಕ್ತಿ ಇದೆಯಂತೆ. ನಮ್ಮ ಟೀವಿಗೆ ಅದನ್ನು ತೋರಿಸುವ ಶಕ್ತಿಯೂ ಇದೆಯಂತೆ. ನಡುವೆ ಕುಳಿತಿರುವ ಹಳೆಯ ರಿಸೀವರು 60ಕ್ಕಿಂತ ಹೆಚ್ಚನ್ನು ದಾಟಿಸುವುದಿಲ್ಲವಂತೆ. ಕಾರಣವನ್ನೂ ಅವನೇ ವಿವರಿಸಿದನು. ಎಚ್‌ಡಿಎಂಐಯಲ್ಲಿ ಪೀಳಿಗೆಗಳಿವೆ. 2013ರ 2.0 ಪೀಳಿಗೆ ಸೆಕೆಂಡಿಗೆ 18 ಗಿಗಾಬಿಟ್ ಹೊರಬಲ್ಲದು, 2017ರ 2.1 ಪೀಳಿಗೆ 48 ಹೊರಬಲ್ಲದು. ನಮ್ಮ ಶ್ಯಾನುಭೋಗರು ಹಿಂದಿನ ಪೀಳಿಗೆಯವರು.

“ಹಾಗಾದರೆ ಆಟದ ಯಂತ್ರ ಅದಕ್ಕೆ ಹೆಚ್ಚು ಕಳುಹಿಸಿ ಸುಟ್ಟುಹಾಕುವುದಿಲ್ಲವೇನೋ?” ಎಂದು ಕೇಳಿದೆ.

“ಇಲ್ಲ ಅಪ್ಪ. ತಂತಿ ಸೇರಿಸಿದ ಕೂಡಲೇ ಆ ಕಡೆಯದು ತನಗೆ ಏನೇನು ಆಗುತ್ತದೆ, ಏನೇನು ಆಗುವುದಿಲ್ಲ ಎಂದು ಒಂದು ಪಟ್ಟಿ ಒಪ್ಪಿಸುತ್ತದೆ. ಈ ಕಡೆಯದು ಅದನ್ನು ಓದಿಕೊಂಡು, ಅದಕ್ಕೆ ಆಗುವಷ್ಟನ್ನೇ ಕಳುಹಿಸುತ್ತದೆ. ಇದಕ್ಕೆ ಹ್ಯಾಂಡ್‌ಶೇಕ್ ಅನ್ನುತ್ತಾರೆ.”

ಅವನು ಇದನ್ನು ಬಹಳ ಸಹಜವಾಗಿ ಹೇಳಿ ಕೆಲಸಕ್ಕೆ ತೊಡಗಿದನು. ನಾನು ಟಾರ್ಚು ಹಿಡಿದು ಯೋಚಿಸುತ್ತ ನಿಂತೆ. ತರಗತಿಯ ಕೊನೆಯ ಬೆಂಚಿನಲ್ಲಿ ಕೂತ ಹುಡುಗನಿಗೆ ಹಳಗನ್ನಡ ಎಷ್ಟು ತಲೆಗೆ ಹತ್ತುತ್ತದೆಯೆಂದು ನಾನು ಮೊದಲು ವಿಚಾರಿಸಿದ್ದುಂಟೆ? ಅಮ್ಮನ ಕಿವಿಗೆ ಎಷ್ಟು ವೇಗ ನಿಲುಕುತ್ತದೆಯೆಂದು ನೋಡಿ ಮಾತನಾಡಿದ್ದುಂಟೆ? ಒಂದು ಸಲ ಹೇಳುತ್ತೇನೆ. ಕೇಳಿಸದಿದ್ದರೆ ಅದನ್ನೇ ಕೂಗಿ ಹೇಳುತ್ತೇನೆ. ಆಗಲೂ ಕೇಳಿಸದಿದ್ದರೆ “ಏನೂ ಇಲ್ಲ, ಬಿಡಮ್ಮ” ಎನ್ನುತ್ತೇನೆ. ಆಟ ಆಡಿಸುವ ಯಂತ್ರಕ್ಕೆ ಇರುವ ಸೌಜನ್ಯ ಎಂ.ಎ. ಪಾಸಾದವನಿಗೆ ಇಲ್ಲವಾಯಿತಲ್ಲ ಎನ್ನಿಸಿತು.

ಹುಡುಗ ಮಾಡಿದ ಉಪಾಯ ಇದು. ಆಟದ ಯಂತ್ರದ ತಂತಿಯನ್ನು ರಿಸೀವರಿಗೆ ಕೊಡದೆ ನೇರವಾಗಿ ಟೀವಿಗೆ ಕೊಟ್ಟನು. ಚಿತ್ರಕ್ಕೆ ಅಡ್ಡಿ ತಪ್ಪಿತು. ಹಾಗಾದರೆ ಧ್ವನಿಯ ಗತಿ? ಟೀವಿಯಿಂದ ರಿಸೀವರಿಗೆ ಧ್ವನಿ ಹಿಂದಿರುಗುವ ದಾರಿಯೊಂದಿದೆ. 2009ರಲ್ಲಿ ಬಂದ ಏರ್ಪಾಡು. ಎಆರ್‌ಸಿ ಎಂದು ಹೆಸರು. 2.1ರ ಪೀಳಿಗೆಯಲ್ಲಿ ಅದರ ಅಗಲವನ್ನು ಹೆಚ್ಚಿಸಿ ಇ-ಎಆರ್‌ಸಿ ಎಂದಿದ್ದಾರೆ. ರಿಸೀವರಿನ ‘ಔಟ್’ನಿಂದ ಟೀವಿಗೆ ಹೋಗುವ ಅದೇ ತಂತಿಯಲ್ಲಿ ಚಿತ್ರ ಆ ಕಡೆಗೆ ಹೋಗುತ್ತದೆ, ಧ್ವನಿ ಈ ಕಡೆಗೆ ಬರುತ್ತದೆ. ಒಂದೇ ತಂತಿಯಲ್ಲಿ ಚತುರ್ಥಿಯೂ ಪಂಚಮಿಯೂ ಕೂಡಿ ಸಂಸಾರ ಮಾಡುವುದಾದರೆ ನಾನು ತಪ್ಪಿದ್ದರಲ್ಲಿ ಆಶ್ಚರ್ಯವೇನೆಂದು ಶ್ರೀಮತಿಯನ್ನು ಕೇಳಿದೆ. ಆದರೆ ಟೀವಿಯ ಹಿಂದಿನ ನಾಲ್ಕು ತೂತುಗಳಲ್ಲಿ ಒಂದಕ್ಕೆ ಮಾತ್ರ ಈ ವಿದ್ಯೆ ಗೊತ್ತು. ಅದರ ಮೇಲೆ ಇರುವೆಯ ಗಾತ್ರದ ಅಕ್ಷರಗಳಲ್ಲಿ ಬರೆದಿರುತ್ತದೆ. ಬೇರೆ ತೂತಿಗೆ ಹಾಕಿದರೆ ಚಿತ್ರ ಮೂಡುತ್ತದೆ, ಧ್ವನಿ ಮರಳುವುದಿಲ್ಲ. ಟೀವಿಯ ಸೆಟ್ಟಿಂಗಿನಲ್ಲಿಯೂ ಅದಕ್ಕೆ ಒಪ್ಪಿಗೆ ಕೊಡಬೇಕು.

ನಾನು ಬಿಗಿದಿದ್ದ ಸ್ಪೀಕರ್ ತಂತಿಗಳಲ್ಲಿಯೂ ಒಂದು ತಪ್ಪು ಸಿಕ್ಕಿತು. ಎಡಗಡೆಯದಕ್ಕೆ ಕೆಂಪನ್ನು ಕೆಂಪಿಗೇ ಕೊಟ್ಟು, ಬಲಗಡೆಯದಕ್ಕೆ ಕಪ್ಪಿಗೆ ಕೊಟ್ಟಿದ್ದೆ. ಹೀಗಾದಾಗ ಒಂದು ಸ್ಪೀಕರು ಗಾಳಿಯನ್ನು ಮುಂದಕ್ಕೆ ತಳ್ಳುವ ಕ್ಷಣದಲ್ಲಿ ಇನ್ನೊಂದು ಹಿಂದಕ್ಕೆ ಎಳೆಯುತ್ತದೆ. ಮಂದ್ರಸ್ವರಗಳು ಒಂದನ್ನೊಂದು ತಿಂದುಹಾಕಿ ಸಂಗೀತ ಬಡಕಲಾಗುತ್ತದೆ. ಯಾವುದೂ ಸುಡುವುದಿಲ್ಲ, ಕೆಡುವುದಿಲ್ಲ. ಏನೋ ಕೊರತೆಯೆಂದು ಮಾತ್ರ ಅನ್ನಿಸುತ್ತಿರುತ್ತದೆ. ಅನೇಕ ಮನೆಗಳು ಹೀಗೆಯೇ ವರ್ಷಗಟ್ಟಲೆ ನಡೆಯುತ್ತವೆಯೆಂದು ತೋರುತ್ತದೆ.

ಜೋಡಣೆ ಮುಗಿದ ಮೇಲೆ ಸ್ಪೀಕರುಗಳನ್ನು ಶ್ರುತಿಗೂಡಿಸುವ ಕಾರ್ಯ. ರಿಸೀವರಿನ ಜೊತೆಯಲ್ಲಿ ಪುಟ್ಟ ಮೈಕು ಬಂದಿರುತ್ತದೆ. ಕೇಳುವವರು ಕೂಡುವ ಸ್ಥಳದಲ್ಲಿ, ಅವರ ಕಿವಿಯ ಎತ್ತರಕ್ಕೆ ಅದನ್ನು ಇಡಬೇಕು. ರಿಸೀವರು ಒಂದೊಂದು ಸ್ಪೀಕರಿನಿಂದಲೂ ಹಕ್ಕಿ ಕೂಗಿದಂತೆ ಒಂದು ವಿಚಿತ್ರವಾದ ಸದ್ದು ಹೊರಡಿಸಿ, ಅದು ಮೈಕನ್ನು ಮುಟ್ಟಲು ಎಷ್ಟು ಹೊತ್ತಾಯಿತು, ಎಷ್ಟು ಜೋರಾಗಿ ಮುಟ್ಟಿತು ಎಂಬುದರಿಂದ ದೂರವನ್ನೂ ಪ್ರಮಾಣವನ್ನೂ ಲೆಕ್ಕ ಹಾಕುತ್ತದೆ. ಆ ಐದಾರು ನಿಮಿಷ ಮನೆಯಲ್ಲಿ ಸಂಪೂರ್ಣ ನಿಶ್ಶಬ್ದವಿರಬೇಕು. ಫ್ಯಾನು ಕೂಡ ಆರಿಸಬೇಕು. ಮೊದಲನೆಯ ಸಲ ಕುಕ್ಕರು ಕೂಗಿತು. ಗದ್ದಲ ಹೆಚ್ಚಾಯಿತೆಂದು ರಿಸೀವರು ಮುನಿಸಿಕೊಂಡಿತು. ಎರಡನೆಯ ಸಲ ಬೀದಿಯಲ್ಲಿ ಸೊಪ್ಪಿನವಳು ಕೂಗಿದಳು. ಮೂರನೆಯ ಸಲ ಒಲೆ ಆರಿಸಿ, ಕಿಟಕಿ ಮುಚ್ಚಿ, ಫೋನುಗಳನ್ನು ಕೋಣೆಯಲ್ಲಿಟ್ಟು, ಎಲ್ಲರೂ ನೆಲದ ಮೇಲೆ ಸಾಲಾಗಿ ಕುಳಿತೆವು. ಏನು ನಡೆಯುತ್ತಿದೆಯೆಂದು ನೋಡಲು ಅಮ್ಮನೂ ಕೋಣೆಯಿಂದ ಬಂದು ಬಾಗಿಲಿಗೆ ಒರಗಿ ಕುಳಿತರು. ನಾಲ್ವರೂ ಒಂದೆಡೆ ಕೂತು, ಯಾರೂ ಏನನ್ನೂ ನೋಡದೆ, ಏನನ್ನೂ ಒತ್ತದೆ, ಐದು ನಿಮಿಷ ಕಳೆದದ್ದು ಎಷ್ಟು ವರ್ಷಗಳ ಮೇಲೋ ತಿಳಿಯದು.

ಮೈಕನ್ನು ಎಲ್ಲಿಟ್ಟಿದ್ದಾನೆಂಬುದನ್ನು ನಾನು ಗಮನಿಸಿದ್ದು ಆಗ. ಆಟ ಆಡಲು ಅವನು ಕೂಡುವ ಸೋಫಾದ ನಡುವೆ ಇಟ್ಟಿರುತ್ತಾನೆಂದು ನಾನು ತಿಳಿದಿದ್ದೆ. ಅದು ಅಲ್ಲಿರಲಿಲ್ಲ. ಗೋಡೆಯ ಪಕ್ಕದಲ್ಲಿ, ಹಳ್ಳಿಯ ಮನೆಯಿಂದ ತಂದ ಅಮ್ಮನ ಬೆತ್ತದ ಕುರ್ಚಿಯ ಮೇಲೆ ಇತ್ತು. ಎತ್ತರ ಸಾಲದೆಂದು ಅದರ ಅಡಿಯಲ್ಲಿ ನನ್ನ ಕಪಾಟಿನಿಂದ ಸಾಹಿತ್ಯ ಪರಿಷತ್ತಿನ ನಿಘಂಟಿನ ಸಂಪುಟಗಳನ್ನು ತಂದು ಪೇರಿಸಿದ್ದನು. ಬೇರೆ ದಿನವಾಗಿದ್ದರೆ ನಾನು ಕೂಗಾಡುತ್ತಿದ್ದೆ. ಅಂದು, ಶಬ್ದವನ್ನು ಅಳೆಯುವುದಕ್ಕೆ ಶಬ್ದಗಳೇ ಪೀಠವಾದದ್ದು ನ್ಯಾಯವಾಗಿಯೇ ಇದೆ ಎನ್ನಿಸಿತು.

“ಅಲ್ಲೇಕೆ ಇಟ್ಟೆಯೋ? ನೀನು ಕೂರುವುದು ಇಲ್ಲಿ ತಾನೆ?” ಎಂದೆ.

“ನನಗೆ ಹೆಡ್‌ಫೋನ್ ಇದೆಯಲ್ಲಪ್ಪ. ಎರಡು ತಿಂಗಳಾದ ಮೇಲೆ ನಾನು ಇರುವುದೂ ಇಲ್ಲ. ದಿನಾ ಕೂರಬೇಕಾದವರು ಅಜ್ಜಿ” ಎಂದನು.

ಮಾಪನ ಮುಗಿದ ಮೇಲೆ ಅವನು ರಿಮೋಟು ಹಿಡಿದು ಇನ್ನೊಂದು ಕೆಲಸ ಮಾಡಿದನು. ಐದು ಸ್ಪೀಕರುಗಳಲ್ಲಿ ಟೀವಿಯ ಕೆಳಗಿನ ನಡುವಿನದು ಮಾತಿನ ಸ್ಪೀಕರು. ಸಿನಿಮಾದಲ್ಲಿ ಸಂಭಾಷಣೆಯ ಬಹುಭಾಗ ಅದರಿಂದಲೇ ಬರುತ್ತದೆ; ಹಿನ್ನೆಲೆ ಸಂಗೀತ, ಮಳೆ, ಗುಡುಗು ಮೊದಲಾದವು ಸುತ್ತಲಿನವುಗಳಿಗೆ ಹೋಗುತ್ತವೆ. ಧಾರಾವಾಹಿಗಳಂತೆ ಎರಡೇ ಸಾಲಿನ ಧ್ವನಿ ಬಂದರೂ, ಎರಡರಲ್ಲಿಯೂ ಸಮಾನವಾಗಿರುವುದನ್ನು ಆರಿಸಿ ನಡುವಿನದಕ್ಕೆ ಕೊಡುವ ಜಾಣತನ ರಿಸೀವರಿಗಿದೆ. ಈ ನಡುವಿನ ಸ್ಪೀಕರನ್ನು ಮಾತ್ರ ನಾಲ್ಕು ಡೆಸಿಬೆಲ್ ಏರಿಸಿ, ಸಬ್‌ವೂಫರಿನ ಗುಡುಗನ್ನು ಇಳಿಸಿದನು. ವಯಸ್ಸಾದವರಿಗೆ ಮೊದಲು ಮಂಕಾಗುವುದು ಎತ್ತರದ ಸ್ವರಗಳು. ಸ, ತ, ಕ ಮೊದಲಾದ ವ್ಯಂಜನಗಳ ಮೊನೆ ಅಲ್ಲಿರುತ್ತದೆ. ಒಟ್ಟು ಧ್ವನಿಯನ್ನು ಏರಿಸಿದರೆ ತಬಲವೂ ಜೋರಾಗುತ್ತದೆ, ಮಾತು ಅದರಡಿಯಲ್ಲಿ ಹೂತುಹೋಗುತ್ತದೆ. ಇಷ್ಟು ವರ್ಷ ನಾವು ಮಾಡುತ್ತಿದ್ದುದು ಅದನ್ನೇ. ಈಗಿನ ತೆಳು ಟೀವಿಗಳ ಸ್ವಂತ ಸ್ಪೀಕರುಗಳೋ ಅಂಗೈಯಗಲದವು. ಕೆಳಕ್ಕೋ ಹಿಂದಕ್ಕೋ ಮುಖ ಮಾಡಿ ಗೋಡೆಗೆ ಮಾತು ಹೇಳುತ್ತವೆ.

ಅಂದು ಸಂಜೆ ಅಮ್ಮ ತಮ್ಮ ಕುರ್ಚಿಯಲ್ಲಿ ಕುಳಿತು ಧಾರಾವಾಹಿಯನ್ನು ಐದು ನಿಮಿಷ ನೋಡಿ, “ಈ ಅತ್ತೆ ಇಷ್ಟೊಂದು ಕೆಟ್ಟವಳೇನೋ? ಮುಖ ನೋಡಿ ನಾನು ಒಳ್ಳೆಯವಳು ಅಂದುಕೊಂಡಿದ್ದೆ” ಎಂದರು. ಎರಡು ವರ್ಷದಿಂದ ಅವರು ಮುಖಗಳನ್ನು ನೋಡಿ ಕಥೆಯನ್ನು ಊಹಿಸಿಕೊಳ್ಳುತ್ತಿದ್ದರು ಎಂಬುದು ನಮಗೆ ಗೊತ್ತಾದದ್ದು ಆಗಲೇ.

ಮನೆಯೇನೋ ಒಂದಾಯಿತು, ಒಂದಾದ ಮೇಲೆ ಜಗಳವೂ ಬರಬೇಕಲ್ಲ? ಎಚ್‌ಡಿಎಂಐ ತಂತಿಯೊಳಗೆ ಉಪಕರಣಗಳು ಒಂದನ್ನೊಂದು ಎಬ್ಬಿಸುವ ಏರ್ಪಾಡೊಂದಿದೆ. ಆಟದ ಯಂತ್ರವನ್ನು ಹೊತ್ತಿಸಿದ ಕೂಡಲೇ ಅದು ಟೀವಿಯನ್ನೂ ರಿಸೀವರನ್ನೂ ತಟ್ಟಿ ಎಬ್ಬಿಸಿ, “ನಾನು ಬಂದಿದ್ದೇನೆ, ನನ್ನನ್ನು ತೋರಿಸಿ” ಎನ್ನುತ್ತದೆ. ಒಂದು ದಿನ ಧಾರಾವಾಹಿಯಲ್ಲಿ ಮಾಂಗಲ್ಯಧಾರಣೆಯ ಹೊತ್ತು. ಹುಡುಗ ಅರಿಯದೆ ಆಟದ ಕೈಗುಂಡಿಯನ್ನು ಒತ್ತಿದನು. ಮಂಟಪ ಮಾಯವಾಗಿ, ಕೊಡಲಿ ಹಿಡಿದ ಗಡ್ಡದವನೊಬ್ಬ ಹಿಮದಲ್ಲಿ ನಿಂತು ಐದೂ ಕಡೆಯಿಂದ ಗರ್ಜಿಸಿದನು. ಅಮ್ಮ “ಅಯ್ಯೋ, ಮದುವೆ ನಿಂತುಹೋಯಿತಲ್ಲೋ!” ಎಂದು ಎದ್ದೇ ನಿಂತರು. ಆ ಏರ್ಪಾಡನ್ನು ಅಂದೇ ಆರಿಸಿದರು. ಸಂಜೆ ಏಳರಿಂದ ಒಂಬತ್ತು ಅಜ್ಜಿಗೆ, ಆಮೇಲೆ ಮೊಮ್ಮಗನಿಗೆ ಎಂದು ಒಪ್ಪಂದವಾಯಿತು. ಒಂಬತ್ತರ ಮೇಲೂ ಅಮ್ಮ ಕುರ್ಚಿ ಬಿಟ್ಟು ಏಳದೆ, ಆ ಗಡ್ಡದವನು ಪ್ರತಿದಿನ ಯಾರ ಮೇಲೆ ಹೋಗುತ್ತಾನೆಂದು ವಿಚಾರಿಸತೊಡಗಿದರು. ಹುಡುಗ ಕಥೆ ಹೇಳಿದನು. ಅವನಿಗೊಬ್ಬ ಮಗನಿದ್ದಾನೆ, ಆ ಮಗನಿಗೂ ಅವನಿಗೂ ಮಾತು ಕಡಿಮೆ ಎಂದು ಅವನು ವಿವರಿಸುತ್ತಿದ್ದುದನ್ನು ನಾನು ಉತ್ತರಪತ್ರಿಕೆ ತಿದ್ದುತ್ತ ಕೇಳಿಸಿಕೊಂಡೆ.

ಜುಲೈ ತಿಂಗಳಲ್ಲಿ ಒಂದು ರಾತ್ರಿ ಅಮ್ಮ, “ಇದರಲ್ಲಿ ನಿಮ್ಮ ತಾತನ ಟೇಪು ಹಾಕಿದರೆ ನನಗೆ ಕೇಳಿಸೀತೇನೋ?” ಎಂದು ಹುಡುಗನನ್ನು ಕೇಳಿದರು.

ನಮ್ಮ ತಂದೆಯವರು ಕೆ.ಆರ್. ನಗರದ ಬಳಿ ಒಂದು ಹಳ್ಳಿಯಲ್ಲಿ ಉಪಾಧ್ಯಾಯರಾಗಿದ್ದರು. ಗಮಕ ಅವರ ಹವ್ಯಾಸ. 1991ರಲ್ಲಿ, ನನಗೆ ಹತ್ತು ವರ್ಷವಿದ್ದಾಗ, ಟೂ-ಇನ್-ಒನ್ ಕೊಂಡ ಹೊಸದರಲ್ಲಿ, ಕುಮಾರವ್ಯಾಸ ಭಾರತದ ವಿರಾಟಪರ್ವದಿಂದ ಕೆಲವು ಷಟ್ಪದಿಗಳನ್ನು ಓದಿ ಒಂದು ಕ್ಯಾಸೆಟ್ಟಿನಲ್ಲಿ ಮುದ್ರಿಸಿದ್ದರು. ಅವರು ತೀರಿಕೊಂಡು ಹದಿನಾಲ್ಕು ವರ್ಷವಾಯಿತು. ಪಾಂಡವರ ಆಯುಧಗಳು ಶಮೀವೃಕ್ಷದ ಮೇಲಿದ್ದಂತೆ ಟೂ-ಇನ್-ಒನ್ನೂ ಕ್ಯಾಸೆಟ್ಟೂ ಅಟ್ಟದ ಮೇಲಿದ್ದವು. ಇಳಿಸಿ ನೋಡಿದರೆ ಒಳಗಿನ ರಬ್ಬರ್ ಬೆಲ್ಟು ಸಡಿಲಗೊಂಡು ಟೇಪು ತೂಕಡಿಸುತ್ತಿತ್ತು. ದೇವರಾಜ ಮಾರ್ಕೆಟ್ಟಿನ ಬಳಿ ಹಳೆಯ ರೇಡಿಯೋ ರಿಪೇರಿ ಮಾಡುವವರೊಬ್ಬರು ಹೊಸ ಬೆಲ್ಟು ಹಾಕಿಕೊಟ್ಟರು.

ಅದರ ಹೆಡ್‌ಫೋನ್ ತೂತಿನಿಂದ ರಿಸೀವರಿಗೆ ಕೆಂಪು ಬಿಳಿಯ ತಂತಿ ಹೋಗಬೇಕು. ಇದೊಂದನ್ನಾದರೂ ನಾನು ಮಾಡುತ್ತೇನೆಂದು ಹಠ ಹಿಡಿದೆ. ‘ಫೋನೋ’ ಎಂದು ಬರೆದ ಜೋಡಿ ತೂತುಗಳು ಕಂಡವು. ಗ್ರೀಕಿನಲ್ಲಿ ಆ ಧಾತುವಿಗೆ ಧ್ವನಿಯೆಂದು ಅರ್ಥ; ತಂದೆಯವರದು ಧ್ವನಿ; ಇದಕ್ಕಿಂತ ಯೋಗ್ಯವಾದ ಸ್ಥಾನ ಯಾವುದಿದೆ? ಹಾಕಿ ಗುಂಡಿ ಒತ್ತಿದೆ. ಘಟೋತ್ಕಚ ಹಂಡೆಯೊಳಗೆ ಕೂತು ಕೂಗಿದಂತೆ ಒಂದು ಆರ್ಭಟ ಎದ್ದಿತು. ಅಮ್ಮ ಬೆಚ್ಚಿದರು. ಕ್ಯಾಸೆಟ್ಟು ಹಾಳಾಗಿಹೋಯಿತೆಂದು ನನ್ನ ಕೈ ತಣ್ಣಗಾಯಿತು.

ಹುಡುಗ ಓಡಿಬಂದು ಧ್ವನಿ ಇಳಿಸಿದನು. ಫೋನೋ ಎಂಬುದು ಗ್ರಾಮಫೋನಿನ ತಟ್ಟೆಗಳಿಗಾಗಿ ಮಾತ್ರ ಇರುವ ತೂತು. ತಟ್ಟೆಯ ಮುಳ್ಳಿನಿಂದ ಬರುವ ವಿದ್ಯುತ್ತು ತೀರ ಕ್ಷೀಣವಾದದ್ದು, ವೋಲ್ಟಿನ ಸಾವಿರದಲ್ಲಿ ಕೆಲವು ಪಾಲು. ಅದನ್ನು ನೂರಾರು ಪಟ್ಟು ಹಿಗ್ಗಿಸುವ ಏರ್ಪಾಡು ಅಲ್ಲಿರುತ್ತದೆ. ಅಲ್ಲದೆ, ತಟ್ಟೆಯ ಗೀರು ಅಗಲವಾಗಬಾರದೆಂದು ಮುದ್ರಿಸುವಾಗಲೇ ಮಂದ್ರವನ್ನು ಕುಗ್ಗಿಸಿ ತಾರವನ್ನು ಏರಿಸಿರುತ್ತಾರೆ. ನುಡಿಸುವಾಗ ಈ ತೂತು ಮಂದ್ರವನ್ನು ಏರಿಸಿ ತಾರವನ್ನು ಇಳಿಸಿ ಸರಿದೂಗಿಸುತ್ತದೆ. 1954ರಿಂದ ಇದಕ್ಕೆ ಒಂದು ಒಪ್ಪಿತ ಕ್ರಮವೇ ಇದೆ. ಟೇಪಿನ ಪುಷ್ಟವಾದ ಧ್ವನಿಯನ್ನು ಅಲ್ಲಿ ತುರುಕಿದರೆ ಘಟೋತ್ಕಚನಲ್ಲದೆ ಇನ್ನಾರು ಬರುತ್ತಾರೆ? ಪಕ್ಕದ ಜೋಡಿಗೆ ತಂತಿಯನ್ನು ಬದಲಾಯಿಸಿ, ಟೇಪನ್ನು ಹಿಂದಕ್ಕೆ ಸುತ್ತಿ, ಹುಡುಗ ಮತ್ತೆ ಗುಂಡಿ ಒತ್ತಿದನು.

ಮೊದಲು ಒಂದು ಕೆಮ್ಮು. ಪುಟ ತಿರುಗಿಸಿದ ಸದ್ದು. ಆಮೇಲೆ ತಂದೆಯವರು ಓದಲು ತೊಡಗಿದರು. ನಡುವಿನ ಸ್ಪೀಕರಿನಿಂದ ಬಂದ ಆ ಧ್ವನಿ, ಟೀವಿಯ ಎದುರಿಗೆ ಮಣೆ ಹಾಕಿ ಕೂತು ಓದಿದಂತೆಯೇ ಇತ್ತು. ನಾನು ಅಮ್ಮನ ಕಡೆ ನೋಡಲಿಲ್ಲ. ಉತ್ತರ ಹೆಂಗಸರ ಮುಂದೆ ಜಂಭ ಕೊಚ್ಚಿದನು, ರಥವೇರಿದನು, ಸೇನೆಯನ್ನು ಕಂಡನು, ಧುಮುಕಿ ಓಡಿದನು. ಅಷ್ಟರಲ್ಲಿ ಟೇಪಿನೊಳಗೆ ಒಂದು ಚಿಕ್ಕ ಹುಡುಗನ ದನಿ, “ಆಮೇಲೆ ಅವನ ಗತಿ ಏನಪ್ಪಾ?” ಎಂದು ಕೇಳಿತು. ಅದು ನಾನು. ತಂದೆಯವರು ನಕ್ಕು, “ತಡೆಯೋ ಮಗು, ಸಾರಥಿ ಇದ್ದಾನೆ” ಎಂದು ಮುಂದುವರಿದರು. ಟೂ-ಇನ್-ಒನ್ನಿನಲ್ಲಿ ಎಷ್ಟೋ ಸಲ ಕೇಳಿದ್ದರೂ ಈ ಮಾತು ನನ್ನ ಕಿವಿಗೆ ಬಿದ್ದಿರಲಿಲ್ಲ.

ಹಿನ್ನೆಲೆಯಲ್ಲಿ ಕಿರ್ರ್ ಕಿರ್ರ್ ಎಂದು ಒಂದು ಸದ್ದು ಬಿಟ್ಟು ಬಿಟ್ಟು ಬರುತ್ತಿತ್ತು. “ಬೆಲ್ಟು ಇನ್ನೂ ಸರಿಹೋಗಿಲ್ಲ ಅನ್ನಿಸುತ್ತೆ” ಎಂದನು ಹುಡುಗ. ನನಗೂ ಹಾಗೆಯೇ ತೋರಿತು.

“ಬೆಲ್ಟಲ್ಲವೋ, ಅದು ಬಾವಿಯ ರಾಟೆ” ಎಂದರು ಅಮ್ಮ. “ನಾನು ನೀರು ಸೇದುತ್ತಿದ್ದೆ. ಸದ್ದು ಮಾಡಬೇಡ, ಟೇಪು ಕೆಡುತ್ತೆ ಅಂತ ಗದರಿಸಿದ್ದರು. ಹಂಡೆ ತುಂಬಿಸದೆ ಎಷ್ಟು ಹೊತ್ತು ಕೂತಿರಲಿ? ನೋಡು, ನಾನೂ ಇದ್ದೇನೆ.”

ಮೂವತ್ತನಾಲ್ಕು ವರ್ಷದ ಹಿಂದಿನ ರಾಟೆಯನ್ನು, ನಮಗೆ ದೋಷವಾಗಿ ಕೇಳಿಸಿದ್ದನ್ನು, ಮಂದಗಿವಿಯ ಅಮ್ಮ ಗುರುತಿಸಿದರು. ಟೇಪು ಮುಗಿಯುವವರೆಗೆ ಯಾರೂ ಏಳಲಿಲ್ಲ. ಮಾರನೆಯ ದಿನ ಹುಡುಗ ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡನು. ಟೇಪಿನ ಆಯುಸ್ಸನ್ನು ನಂಬುವಂತಿಲ್ಲ. ಆ ಕಿರ್ರ್ ಸದ್ದನ್ನು ತೆಗೆದುಹಾಕುವ ವಿದ್ಯೆಯೂ ಕಂಪ್ಯೂಟರಿಗೆ ತಿಳಿದಿದೆಯಂತೆ. ಅವನು ಅದನ್ನು ಮುಟ್ಟಲಿಲ್ಲ.

ಹುಡುಗ ಸುರತ್ಕಲ್ಲಿಗೆ ಹೋಗಿ ಈಗ ನಾಲ್ಕು ತಿಂಗಳಾಯಿತು. ಹಾಸ್ಟೆಲಿನ ಕೋಣೆಯಲ್ಲಿ ಸ್ಥಳವಿಲ್ಲವೆಂದು ಆಟದ ಯಂತ್ರವನ್ನು ಇಲ್ಲಿಯೇ ಬಿಟ್ಟಿದ್ದಾನೆ. ಹೋಗುವ ಹಿಂದಿನ ದಿನ ಟೀವಿಯ ಹಿಂದೆ ಒಂದು ಗಂಟೆ ಏನೋ ಮಾಡುತ್ತಿದ್ದನು. ಆಮೇಲೆ ಟಾರ್ಚು ಹಿಡಿದು ನೋಡಿದೆ. ಒಂದೊಂದು ತಂತಿಗೂ ಚೀಟಿ ಅಂಟಿಸಿ ಕನ್ನಡದಲ್ಲಿ ಬರೆದಿದ್ದಾನೆ: ‘ಅಜ್ಜಿಯ ಧಾರಾವಾಹಿ’, ‘ತಾತನ ಟೇಪು’, ‘ಟೀವಿಗೆ ಹೋಗುವುದು, ಟೀವಿಯಿಂದ ಬರುವುದೂ’, ‘ನನ್ನದು’. ಫೋನೋ ತೂತಿನ ಮೇಲೆ ‘ಅಪ್ಪ, ಇಲ್ಲಿ ಬೇಡ’ ಎಂದಿದೆ. ಕಾಗುಣಿತದ ತಪ್ಪು ಒಂದೂ ಇಲ್ಲ.

ಮೊನ್ನೆ ಕರೆಂಟು ಹೋಗಿ ಬಂದ ಮೇಲೆ ಧ್ವನಿ ನಿಂತುಹೋಯಿತು. ಅವನಿಗೆ ಫೋನು ಮಾಡೋಣವೆಂದಳು ಶ್ರೀಮತಿ. ಅವನಿಗೆ ಪರೀಕ್ಷೆಯ ಕಾಲ, ಬೇಡವೆಂದು ನಾನೇ ಪಂಚೆ ಎತ್ತಿ ಕಟ್ಟಿದೆ. ಅಮ್ಮ ಕುರ್ಚಿಯಿಂದಲೇ, “ಸಾರಥಿ ಊರಲ್ಲಿಲ್ಲ, ನಿಧಾನವಾಗಿ ಮಾಡ್ಕೋ” ಎಂದರು. ಚೀಟಿಗಳನ್ನು ಓದಿಕೊಂಡು, ರಿಸೀವರಿನ ಸ್ವಿಚ್ಚು ತೆಗೆದು, ಒಂದು ನಿಮಿಷ ಬಿಟ್ಟು ಮತ್ತೆ ಹಾಕಿದೆ. ಪೆಟ್ಟಿಗೆಗಳು ಒಂದನ್ನೊಂದು ವಿಚಾರಿಸಿಕೊಂಡವೆಂದು ಕಾಣುತ್ತದೆ. ಸ್ವಲ್ಪ ಹೊತ್ತಿಗೆ ಧಾರಾವಾಹಿಯ ಅತ್ತೆ ಮಾತನಾಡಿದಳು.

“ಕೇಳಿಸುತ್ತಿದೆಯೇನಮ್ಮ?” ಎಂದು ಟೀವಿಯ ಹಿಂದಿನಿಂದ ಮೆಲ್ಲಗೆ ಕೇಳಿದೆ. ಕೂಗಲಿಲ್ಲ.

“ಕೇಳಿಸುತ್ತಿದೆ, ನೀನು ಹೊರಗೆ ಬಾ” ಎಂದರು.